ಮುಳ್ಳುಚಮಚ ಎತ್ತದ ಸೋಮವಾರ

ಕಲ್ಲುಮನೆಯಲ್ಲಿ ಆರ್ಡಿತ್ ಕ್ನೂಟ್ಸನ್ ತನ್ನ ಮುಳ್ಳುಚಮಚ ಎತ್ತುವ ತನಕ ಇನ್ಯಾರೂ ತುತ್ತು ಬಾಯಿಗಿಡುವ ಹಾಗಿರಲಿಲ್ಲ. ಇದನ್ನು ಅವಳಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ಸಂಜೆ ಮೇಜಿನ ತುದಿಯ ದೊಡ್ಡ ಕುರ್ಚಿಯಲ್ಲಿ ಕೂತು, ತನ್ನ ಗಂಡ ಲೈಲ್ ಹಿಮದಲ್ಲಿ ಜೋಳದ ಲಾರಿ ಸಿಕ್ಕಿಸಿಕೊಂಡ ಕತೆಯನ್ನು ಪಕ್ಕದ ಹುಡುಗನಿಗೆ ಹೇಳುತ್ತಾ ಹೋದಳು. ಆ ಕತೆ ಸಣ್ಣದಲ್ಲ. ಟೈ ಕಟ್ಟಿಕೊಂಡ ಅಷ್ಟೂ ಗಂಡುಹುಡುಗರು ಕೈ ತೊಡೆಯ ಮೇಲಿಟ್ಟುಕೊಂಡು ಅವಳ ಬಾಯನ್ನೇ ನೋಡುತ್ತಿದ್ದರು. ಎಷ್ಟು ಗಮನವಿಟ್ಟು ಕೇಳುತ್ತಾರಪ್ಪ ಅಂತ ಅವಳಿಗೆ ಖುಷಿಯೋ ಖುಷಿ.

ಅಡಿಗೆಯ ವರ್ನನ್ ಬಾಗಿಲಿಂದ ತಲೆ ಹಾಕಿದ. "ತಾಯೀ, ಮೊದ್ಲು ಆ ಮುಳ್ಳುಚಮಚ ಎತ್ತು. ಇಲ್ಲಾಂದ್ರೆ ಈ ಗೂಳಿಗಳು ಮೇಜಿನ ಬಟ್ಟೆ ಮೇಯೋಕೆ ಶುರು ಮಾಡ್ತವೆ."

ಎತ್ತಿದಳು. ನೆಬ್ರಾಸ್ಕಾದ ಹಾರ್ಲನ್ ಕ್ರೀಕ್ ಎಂಬ ಆ ಕಾಲೇಜಿನ ಊರಿನಲ್ಲಿ ಹುಡುಗರ ಸಂಘಗಳ ಮನೆಗಳು ಬೇಕಾದಷ್ಟಿವೆ, ಕಲ್ಲುಮನೆ ಅವುಗಳಲ್ಲೊಂದು. ಪ್ರತಿ ಮನೆಗೂ ಬಾಗಿಲ ಮೇಲೆ ಗ್ರೀಕ್ ಅಕ್ಷರ, ಅಂಗಳದಲ್ಲಿ ಬಾವುಟ, ಒಳಗೊಬ್ಬಳು ಮನೆತಾಯಿ. ಮನೆತಾಯಿ ಅಂದರೆ ಸಂಬಳಕ್ಕೆ ತಾಯಿ. ಹಳೆ ಸದಸ್ಯರ ಮಂಡಳಿ ಅವಳನ್ನು ನೇಮಿಸುತ್ತದೆ. ಕೆಳಗಿನ ಅಂತಸ್ತಿನಲ್ಲಿ ಅವಳಿಗೊಂದು ಕೋಣೆ. ಅಡಿಗೆ ಏನಾಗಬೇಕು, ಪರದೆ ಯಾವಾಗ ಒಗೆಯಬೇಕು, ಯಾವ ಹುಡುಗನ ಬೂಟು ನಾರುತ್ತಿದೆ ಅನ್ನೋದೆಲ್ಲ ಅವಳ ಪಾಲಿಗೆ. ಅವಳು ಒಳಗೆ ಬಂದರೆ ಎಲ್ಲರೂ ಎದ್ದು ನಿಲ್ಲಬೇಕು. ಸೋಮವಾರದ ಊಟಕ್ಕೆ ಸರದಿಯ ಮೇಲೆ ಒಬ್ಬ ಹುಡುಗ ಅವಳ ಕೋಣೆಯ ಬಾಗಿಲಿಗೆ ಬಂದು ತೋಳು ಕೊಟ್ಟು ಕುರ್ಚಿ ತನಕ ಕರೆದುಕೊಂಡು ಹೋಗಬೇಕು.

ಆರ್ಡಿತ್ ಅದಕ್ಕೆ ಮೊದಲು ಊರಿನ ಮುಖ್ಯರಸ್ತೆಯಲ್ಲಿ ಹೆಂಗಸರ ತಲೆಕೂದಲು ಕತ್ತರಿಸುತ್ತಿದ್ದಳು. ಲೈಲ್‌ಗೆ ಕ್ಯಾನ್ಸರ್ ಆಯಿತು. ಅವನ ಆಸ್ಪತ್ರೆ ಖರ್ಚಿಗೆ ಮನೆ ಹೋಯಿತು, ಆಮೇಲೆ ಅವನೂ ಹೋದ. ಮಕ್ಕಳಿರಲಿಲ್ಲ. ತಲೆ ಮೇಲೊಂದು ಸೂರು ಬೇಕಿತ್ತು, ಕಲ್ಲುಮನೆ ಸಿಕ್ಕಿತು. ಹುಡುಗರು ಅವಳನ್ನು ಆರ್ಡಿಯಮ್ಮ ಅಂದರು. ಕೆಲಸದ ಸಂದರ್ಶನಕ್ಕೆ ಹೊರಟವರನ್ನು ಹಿತ್ತಿಲ ಕಟ್ಟೆಯ ಮೇಲೆ ಕೂರಿಸಿ ಅವಳೇ ಕೂದಲು ಕತ್ತರಿಸುತ್ತಿದ್ದಳು. ಕ್ರಿಸ್‌ಮಸ್‌ಗೆ ಒಬ್ಬೊಬ್ಬನಿಗೂ ಉಡುಗೊರೆ ತುಂಬಿ ನೇತುಹಾಕುವ ಉಣ್ಣೆಯ ಕಾಲುಚೀಲ ಹೆಣೆದು ಅದರ ಮೇಲೆ ಹೆಸರು ಹಾಕುತ್ತಿದ್ದಳು. ಅವರಲ್ಲಿ ಕೆಲವರು ಮುಂದೆ ವಕೀಲರಾದರು, ಒಬ್ಬ ಬ್ಯಾಂಕಿಟ್ಟ. ಆಮೇಲೂ ತಾಯಂದಿರ ದಿನಕ್ಕೆ ಅವಳಿಗೆ ಹೂವು ಬರುತ್ತಿತ್ತು.

ಒಂದು ಕಟ್ಟುಪಾಡು ಮಾತ್ರ ಅವಳಿಗೂ ಇತ್ತು. ಮನೆತಾಯಿ ಮಹಡಿ ಹತ್ತುವ ಹಾಗಿಲ್ಲ. ಮೆಟ್ಟಿಲಿನ ಮೇಲಿನದೆಲ್ಲ ಹುಡುಗರ ರಾಜ್ಯ.

ಊರಿನಲ್ಲಿ ಹುಡುಗಿಯರ ಸಂಘಗಳಿಗೂ ಮನೆಗಳಿವೆ. ಅಲ್ಲಿ ಒಂದು ಹನಿ ಬಿಯರ್ ಇಡುವಂತಿಲ್ಲ, ಗಂಡಸರು ಪಡಸಾಲೆ ದಾಟುವಂತಿಲ್ಲ. ಹೆಣ್ಣುಮಕ್ಕಳ ಮಾನ ಕಾಪಾಡಲು ಅಂತ ಯಾರೋ ಯಾವ ಕಾಲದಲ್ಲೋ ಮಾಡಿದ ನಿಯಮ. ಅದರಿಂದಾದದ್ದು ಇಷ್ಟು: ಕುಡಿದು ಕುಣಿಯಬೇಕು ಅನ್ನುವ ಹುಡುಗಿ ಗಂಡುಹುಡುಗರ ಮನೆಗೇ ಬರಬೇಕು. ಬಾಗಿಲು ಅವರದು. ಬಾಗಿಲಲ್ಲಿ ನಿಂತು ಯಾರನ್ನು ಬಿಡಬೇಕು ಅಂತ ಆರಿಸುವವರು ಅವರು. ದೊಡ್ಡ ಪ್ಲಾಸ್ಟಿಕ್ ಪೀಪಾಯಿಯಲ್ಲಿ ಕೆಂಪು ಶರಬತ್ತಿಗೆ ಏನೇನು ಸುರಿದಿದ್ದಾರೆ ಅಂತ ಬಲ್ಲವರೂ ಅವರೇ. ಮಹಡಿ ಅವರದು, ಮಂಚ ಅವರದು. ಇಷ್ಟೆಲ್ಲ ಒಬ್ಬರ ಕೈಗೇ ಕೊಟ್ಟು ಆಮೇಲೆ ಅಪಾಯ ಬಂದರೆ ಊದಿ ಅಂತ ಹುಡುಗಿಯರಿಗೆ ಸೀಟಿ ಹಂಚುವುದು ಕಾಲೇಜಿನ ಪದ್ಧತಿ.

ಭಾನುವಾರ ಬೆಳಗ್ಗೆ ಹುಡುಗಿಯರು ಮಹಡಿಯಿಂದ ಇಳಿದು ಬರುತ್ತಿದ್ದರು. ಹಿಂದಿನ ರಾತ್ರಿಯದೇ ಬಟ್ಟೆ, ಕೈಯಲ್ಲಿ ಎತ್ತರದ ಹಿಮ್ಮಡಿಯ ಚಪ್ಪಲಿ. ಕೆಲವರು ನಗುತ್ತಾ ಬರುತ್ತಿದ್ದರು, ಕೆಲವರು ಸುಮ್ಮನೆ. ಬರಿಗಾಲಲ್ಲಿ ಹಿಮದ ಮೇಲೆ ನಡೆಯುವುದನ್ನು ನೋಡಲಾರದೆ ಆರ್ಡಿತ್ ಮುಂಬಾಗಿಲ ಹತ್ತಿರ ಒಂದು ಬೆತ್ತದ ಬುಟ್ಟಿ ಇಟ್ಟಳು, ಅದರ ತುಂಬ ರಬ್ಬರ್ ಚಪ್ಪಲಿ. ಬೇಕಾದವರು ಹಾಕಿಕೊಂಡು ಹೋಗಬಹುದು. ಬೇರೆ ಮನೆಗಳ ಮನೆತಾಯಂದಿರೂ ಇದನ್ನು ಕೇಳಿ ಬುಟ್ಟಿ ಇಟ್ಟರು. ಅದೊಂದು ಒಳ್ಳೆಯ ಕೆಲಸ ಅಂತಲೇ ಎಲ್ಲರ ಲೆಕ್ಕ. ಶನಿವಾರ ಮಲಗುವಾಗ ಅವಳು, ಚಳಿಗಾಲದಲ್ಲೂ, ದೊಡ್ಡ ಫ್ಯಾನ್ ಹಾಕಿಕೊಂಡು ಮಲಗುತ್ತಿದ್ದಳು. ಸಂಗೀತದ ಗಲಾಟೆ ಕೇಳದಿರಲಿ ಅಂತ.

ಅಕ್ಟೋಬರಿನ ಒಂದು ಭಾನುವಾರ ಹಸಿರು ಅಂಗಿಯ ಹುಡುಗಿಯೊಬ್ಬಳು ಇಳಿದು ಬಂದಳು. ಒಂದೇ ಕಿವಿಯಲ್ಲಿ ಓಲೆ. ಕೊನೆಯ ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ನೋಡಿದಳು, ಬೆರಳು ಮಾತು ಕೇಳಲಿಲ್ಲ. ಆರ್ಡಿತ್ ಚರ್ಚಿನ ಅಂಗಿ ಹಾಕಿಕೊಂಡು ಹೊರಟವಳು ಬುಟ್ಟಿಯಿಂದ ನೀಲಿ ಜೋಡು ತೆಗೆದು ಕೊಟ್ಟಳು.

"ಹಾಕ್ಕೋ ಮಗಾ. ಕಾಫಿ ಬೇಕಾ?"

ಹುಡುಗಿ ಗೋಡೆಯ ಮೇಲಿನ ಹಳೆ ಸದಸ್ಯರ ಫೋಟೋಗಳನ್ನು ನೋಡಿದಳು. "ಇದು ಯಾರ ಮನೆ?"

ಆರ್ಡಿತ್ ನಕ್ಕಳು. "ಕಲ್ಲುಮನೆ ಕಣಮ್ಮಾ. ರಾತ್ರಿ ಸ್ವಲ್ಪ ಜಾಸ್ತಿ ಆಯ್ತಾ? ಒಂದು ಲೋಟ ನೀರು ಕುಡಿ, ಸರಿ ಹೋಗುತ್ತೆ."

ಹುಡುಗಿ ನೀರು ಕುಡಿದು ಹೋದಳು. ಆರ್ಡಿತ್ ಚರ್ಚಿಗೆ ಹೋದಳು.

ನವೆಂಬರಿನ ಒಂದು ಮಧ್ಯಾಹ್ನ ಅದೇ ಹುಡುಗಿ ಜಗಲಿಯ ಮೇಲೆ ನಿಂತಿದ್ದಳು. ಕೈಯಲ್ಲಿ ನೀಲಿ ಚಪ್ಪಲಿ, ತೊಳೆದಿತ್ತು. ತನ್ನ ಹೆಸರು ಮರಿಸೆಲ್ ಒಸೋರಿಯೊ ಅಂದಳು. ಅಪ್ಪ ಅಮ್ಮ ಇಬ್ಬರೂ ನದಿಯಾಚೆ ಊರಿನ ಮಾಂಸದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ, ತನಗಿದು ಮೊದಲ ವರ್ಷ ಅಂದಳು.

"ಚಪ್ಪಲಿ ಯಾರೂ ವಾಪಸ್ ತಂದುಕೊಡಲ್ಲ ಕಣೇ. ಇಟ್ಕೊಂಡಿರಬಹುದಿತ್ತು," ಅಂದಳು ಆರ್ಡಿತ್.

"ಇದು ನಿಮ್ಮದು. ನಂಗೆ ಬೇಡ."

ಆಮೇಲೆ ಹೇಳಿದಳು. ಬಾಗಿಲಲ್ಲಿ ಒಳಗೆ ಬಿಟ್ಟದ್ದು ನೆನಪಿದೆ. ಕೆಂಪು ಶರಬತ್ತು ಎರಡು ಲೋಟ, ಎರಡನೆಯದನ್ನು ಕೋಲ್ಟನ್ ಎಂಬವನು ತಂದುಕೊಟ್ಟದ್ದು ನೆನಪಿದೆ. ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಕೊನೆಯ ಕೋಣೆಯಲ್ಲಿ, ಬೇಡ ಅಂದದ್ದು ನೆನಪಿದೆ. ಅದನ್ನೆಲ್ಲ ಅವಳು ಊರು ಕೇರಿಯ ಹೆಸರು ಹೇಳಿದ ಹಾಗೆ ಹೇಳಿದಳು. ಇನ್ನೊಬ್ಬರ ಮುಂದೆ ಆಗಲೇ ಹೇಳಿ ಹೇಳಿ ಸವೆದಿತ್ತು.

"ಕಾಲೇಜಿಗೆ ದೂರು ಕೊಟ್ಟೆ. ನಾನು ಈ ಮನೆಗೆ ಬಂದೇ ಇಲ್ಲ ಅಂತ ಎಲ್ಲರೂ ಒಂದೇ ಥರ ಹೇಳಿದಾರೆ. ಯಾರೂ ನನ್ನ ನೋಡಿಲ್ವಂತೆ."

ಆರ್ಡಿತ್ ತೊಳೆದ ಚಪ್ಪಲಿಯ ಕಡೆ ನೋಡಿದಳು.

"ನನ್ನ ರೂಮಿನವಳಿಗೂ ಈಗ ಅನುಮಾನ. ಬೇರೆ ಎಲ್ಲೋ ಹೋಗಿದ್ದೆ, ಮರೆತಿದೀಯ ಅಂತಾಳೆ. ನಂಗೇ ಒಮ್ಮೊಮ್ಮೆ ಹಾಗೆ ಅನ್ಸುತ್ತೆ. ನೀವು ನೋಡಿದ್ರಿ ಅಲ್ವಾ?"

"ನೋಡ್ದೆ."

"ಅಷ್ಟು ಹೇಳ್ತೀರಾ? ಬೇರೇನೂ ಬೇಡ. ನಾನು ಇಲ್ಲಿದ್ದೆ ಅಂತ."

ಆರ್ಡಿತ್ ಚಪ್ಪಲಿಯನ್ನು ಕೈಗೆ ತಗೊಂಡಳು. ಹೇಳುತ್ತೇನೆ ಅನ್ನಲಿಲ್ಲ, ಹೇಳಲ್ಲ ಅಂತಲೂ ಅನ್ನಲಿಲ್ಲ. ಹುಡುಗಿ ಜಗಲಿ ಇಳಿದು ಹೊರಟು ಹೋದಳು.

ಎರಡು ದಿನ ಬಿಟ್ಟು ಮನೆಯ ಅಧ್ಯಕ್ಷ ಬ್ರೆನ್ನನ್ ಸ್ಟ್ರಾಟ್‌ಮನ್ ಕೂದಲು ಕತ್ತರಿಸಿಕೊಳ್ಳಲು ಬಂದ. ಅಗಲ ಭುಜ, ಒಳ್ಳೆಯ ಹಲ್ಲು, ಅಪ್ಪ ಹಳೆ ಸದಸ್ಯರ ಮಂಡಳಿಯಲ್ಲಿದ್ದವನು. ಹಿತ್ತಿಲ ಕಟ್ಟೆಯ ಮೇಲೆ ಕೊರಳಿಗೆ ಟವೆಲ್ ಸುತ್ತಿಕೊಂಡು ಕೂತ.

"ಕಿವಿ ಹತ್ರ ಹುಷಾರು ಆರ್ಡಿಯಮ್ಮ. ಹೋದ ಸಲ ಚೂರು ಮಾಂಸನೂ ತೆಗೆದ್ರಿ."

"ಸುಮ್ನೆ ಕೂತಿದ್ರೆ ಮಾಂಸ ಉಳಿಯುತ್ತೆ."

"ನೀವು ಭಾನುವಾರ ಚರ್ಚಿಗೆ ಹೋಗ್ತೀರಲ್ವಾ?"

"ನಿನಗೆ ಗೊತ್ತಿಲ್ವೇನೋ?"

"ಬೆಳಗ್ಗೆ ಬೇಗನೇ ಹೋಗ್ತೀರಿ. ಹುಡುಗ್ರು ಏಳೋ ಮುಂಚೆ. ಅಲ್ವಾ? ಕಾಲೇಜಿನವರು ಕೇಳಿದ್ರೆ ಅಂತ ಹೇಳ್ದೆ. ನಾವು ಆಗಲೇ ಹಂಗೆ ಹೇಳಿಬಿಟ್ಟಿದೀವಿ."

ಕತ್ತರಿ ನಿಂತಿತು, ಮತ್ತೆ ಹೊರಟಿತು.

"ಕೋಲ್ಟನ್ ಏನಂತಾನೆ?"

"ಅವನೇನಂತಾನೆ. ಅವಳು ಕುಡಿದಿದ್ಲು. ಎಲ್ಲಿದ್ಲು ಅಂತ ಅವಳಿಗೇ ಗೊತ್ತಿಲ್ಲ. ಅಮ್ಮಾ, ಅವನಿಗೆ ಲಾ ಕಾಲೇಜಲ್ಲಿ ಸೀಟು ಸಿಕ್ಕಿದೆ. ಒಂದು ರಾತ್ರಿಗೋಸ್ಕರ..." ಬ್ರೆನ್ನನ್ ತಲೆ ಅಲ್ಲಾಡಿಸಲು ಹೋಗಿ ಕತ್ತರಿಯ ನೆನಪಾಗಿ ನಿಲ್ಲಿಸಿದ. "ಅಂದ ಹಾಗೆ, ಮೊನ್ನೆ ಮಂಡಳಿಯವರು ನಿಮ್ಮ ಕೋಣೆಗೆ ಹೊಸ ಕಿಟಕಿ ಹಾಕಿಸೋ ಮಾತಾಡ್ತಿದ್ರು. ಆರ್ಡಿಯಮ್ಮ ಇರೋ ತನಕ ಇಲ್ಲೇ ಇರಲಿ ಅಂತ ಅಪ್ಪ ಅಂದ್ರು."

ಅವಳು ಅವನ ಕತ್ತಿನ ಮೇಲಿನ ಕೂದಲನ್ನು ಬ್ರಷ್‌ನಿಂದ ಕೊಡವಿದಳು. ಚೆನ್ನಾಗಿ ಕತ್ತರಿಸಿದ್ದಳು.

ವರ್ನನ್ ಅಡಿಗೆಮನೆಯ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದ. ನೌಕಾಪಡೆಯಲ್ಲಿ ಬೇಯಿಸಿ ಬಂದವನು, ಅವಳಷ್ಟೇ ವಯಸ್ಸಾದವನು.

"ಏನ್ ಮಾಡ್ತೀಯ ತಾಯೀ?"

"ನೀನೇನ್ ಮಾಡ್ತಿದ್ದೆ?"

"ನಾನಾ? ಆಲೂಗಡ್ಡೆ ಬೇಯಿಸ್ತೀನಿ. ನನ್ನ ಕೇಳಬೇಡ. ಆ ಭಾನುವಾರ ನಂಗೆ ರಜಾ, ದೇವರು ದೊಡ್ಡವನು." ಸಿಪ್ಪೆಯ ರಾಶಿಯನ್ನು ಬಕೆಟ್ಟಿಗೆ ತಳ್ಳಿದ. "ನಿನ್ನ ಕೋಣೆ ಬೆಚ್ಚಗಿದೆ. ಹೊರಗಡೆ ಬೆಚ್ಚಗಿಲ್ಲ. ನಾನು ಹೇಳೋದು ಅಷ್ಟೇ."

"ಹೇಡಿ."

"ಹೌದು. ಉಪ್ಪು ಎಲ್ಲಿಟ್ಟೆ?"

ಮಾರನೆಯ ದಿನ ಹುಡುಗರೆಲ್ಲ ಪಾಠಕ್ಕೆ ಹೋಗಿದ್ದಾಗ ಆರ್ಡಿತ್ ಮಹಡಿ ಹತ್ತಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ. ಕೊನೆಯ ಕೋಣೆಯ ಬಾಗಿಲು ತೆರೆದೇ ಇತ್ತು. ಅವಳು ಏನನ್ನು ಹುಡುಕಿ ಬಂದಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಅಲ್ಲಿ ಏನೂ ಇರಲಿಲ್ಲ. ಕೆದರಿದ ಹಾಸಿಗೆ, ನೆಲದ ಮೇಲೆ ಕಾನೂನಿನ ದಪ್ಪ ಪುಸ್ತಕ, ಕಿಟಕಿಯಲ್ಲಿ ಅಮ್ಮನ ಫೋಟೋ. ಗೋಡೆಯ ಮೊಳೆಗೆ ಅವಳು ಹೆಣೆದ ಕೆಂಪು ಕಾಲುಚೀಲ, ಅದರ ಮೇಲೆ ಬಿಳಿ ನೂಲಿನಲ್ಲಿ ಕೋಲ್ಟನ್ ಅಂತ. ಮಂಚದ ಪಕ್ಕ ನಿಂತು ಕಿಟಕಿಯಾಚೆ ನೋಡಿದಳು. ಕೆಳಗಿನ ಮೇಪಲ್ ಮರ ಅವಳ ಕಿಟಕಿಗೂ ಇದೇ ಕೋನದಲ್ಲಿ ಕಾಣುತ್ತದೆ. ಅವಳ ಹಾಸಿಗೆ ಈ ಹಾಸಿಗೆಯ ನೇರ ಕೆಳಗೆ. ನಡುವೆ ಹಲಗೆಯ ನೆಲ ಒಂದೇ. ಫ್ಯಾನ್ ಇರದಿದ್ದರೆ ಕೇಳಿಸುತ್ತಿತ್ತು.

ಇಳಿದು ಬಂದು ಬುಟ್ಟಿಯನ್ನು ಬಾಗಿಲ ಹತ್ತಿರದಿಂದ ತೆಗೆದು ತನ್ನ ಕೋಣೆಯ ಕಪಾಟಿಗೆ ಹಾಕಿದಳು.

ಸೋಮವಾರ ತೋಳು ಕೊಡುವ ಸರದಿ ಕೋಲ್ಟನ್‌ದು. ಸರದಿ ಅಂದರೆ ಸರದಿ, ಯಾರೂ ಬದಲಾಯಿಸಿರಲಿಲ್ಲ. ಬೂದು ಕೋಟು, ನೀಲಿ ಟೈ, ಸಾಬೂನಿನ ವಾಸನೆ. "ಚೆನ್ನಾಗಿ ಕಾಣ್ತೀರಿ ಆರ್ಡಿಯಮ್ಮ," ಅಂದ. ತೋಳು ಚಾಚಿದ. ಅವಳು ಆ ತೋಳನ್ನೊಮ್ಮೆ ನೋಡಿದಳು, ಹಿಡಿದಳು, ಕುರ್ಚಿ ತನಕ ಹೋದಳು. ಎಲ್ಲರೂ ಎದ್ದು ನಿಂತರು, ಅವಳು ಕೂತ ಮೇಲೆ ಕೂತರು. ಕೋಲ್ಟನ್ ಪದ್ಧತಿಯ ಪ್ರಕಾರ ಅವಳ ಬಲಕ್ಕೆ. ಹುರಿದ ದನದ ಮಾಂಸ, ಹಿಸುಕಿದ ಆಲೂಗಡ್ಡೆ, ಮೇಲೆ ಕಂದು ಸಾರು. ಹಬೆಯಾಡುತ್ತಿತ್ತು.

ಅವಳು ಕೈ ತೊಡೆಯ ಮೇಲಿಟ್ಟುಕೊಂಡಳು.

ಮೊದಲು ಯಾರೂ ಗಮನಿಸಲಿಲ್ಲ. ಫುಟ್‌ಬಾಲಿನ ಮಾತು ನಡೆದಿತ್ತು. ಆಮೇಲೆ ಮಾತು ಮೇಜಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಆರುತ್ತಾ ಹೋಯಿತು.

"ನಂಗೊಂದು ಮಾತು ಗೊತ್ತಾಗಬೇಕು," ಅಂದಳು ಆರ್ಡಿತ್. "ಅಕ್ಟೋಬರಿನ ಆ ಶನಿವಾರ ಮರಿಸೆಲ್ ಅನ್ನೋ ಹುಡುಗಿ ಈ ಮನೆಗೆ ಬಂದಿದ್ಲೋ ಇಲ್ವೋ? ಬೇರೆ ಏನೂ ಕೇಳಲ್ಲ. ಯಾರಾದ್ರೂ ಒಬ್ಬ ಹೇಳ್ಲಿ, ಊಟ ಮಾಡೋಣ."

ಯಾರದೋ ಕುರ್ಚಿ ಕಿರ್ರೆಂದಿತು.

"ಅಮ್ಮಾ," ಬ್ರೆನ್ನನ್ ಒಳ್ಳೆಯ ಹಲ್ಲು ತೋರಿಸಿದ, "ಸಾರು ತಣ್ಣಗಾಗ್ತಿದೆ."

"ಆಗ್ಲಿ."

"ವಕೀಲರು ಇದರ ಬಗ್ಗೆ ಮಾತಾಡಬೇಡಿ ಅಂದಿದಾರೆ."

"ಹಂಗಾದ್ರೆ ಮಾತಾಡಬೇಡ. ಕೂತಿರು."

ಕೂತರು. ಕಾಲೇಜಿನ ಸಮಿತಿಯ ಮುಂದೆ ಎದೆ ಎತ್ತಿ ಸುಳ್ಳು ಹೇಳಿ ಬಂದ ಗಂಡಾಳುಗಳು ಒಬ್ಬ ಮುದುಕಿ ಮುಳ್ಳುಚಮಚ ಎತ್ತಲಿಲ್ಲ ಅಂತ ಅನ್ನದ ಮುಂದೆ ಕೈ ಕಟ್ಟಿ ಕೂತಿದ್ದರು. ಸುಳ್ಳು ಹೇಳಬಾರದು ಅಂತ ಆ ಮನೆಯಲ್ಲಿ ಯಾರೂ ಅವರಿಗೆ ಕಲಿಸಿರಲಿಲ್ಲ. ಮನೆತಾಯಿಗಿಂತ ಮೊದಲು ಉಣ್ಣಬಾರದು ಅಂತ ಮಾತ್ರ ಕಲಿಸಿದ್ದರು. ಸಾರಿನ ಮೇಲೆ ಕೆನೆಗಟ್ಟಿತು. ಯಾರದೋ ಹೊಟ್ಟೆ ಗುರ್ರೆಂದಿತು, ಇನ್ನೊಬ್ಬ ಮೂಗಿನಲ್ಲಿ ನಕ್ಕ, ಯಾರೂ ಜೊತೆಗೂಡಲಿಲ್ಲ. ವರ್ನನ್ ಬಾಗಿಲಿಂದ ತಲೆ ಹಾಕಿದ, ಮೇಜನ್ನು ನೋಡಿದ, ಅವಳನ್ನು ನೋಡಿದ, ಬಾಯಿ ಮುಚ್ಚಿಕೊಂಡು ಒಳಗೆ ಹೋದ.

ಕೋಲ್ಟನ್ ತಟ್ಟೆಯನ್ನೇ ನೋಡುತ್ತಿದ್ದ. ಆಮೇಲೆ "ಇದೇನು ತಮಾಷೆ" ಅಂದ. ಮುಳ್ಳುಚಮಚ ತಗೊಂಡ. ಮಾಂಸ ಚುಚ್ಚಿ ಬಾಯಿಗಿಟ್ಟ.

ಅವನು ಅಗಿಯುವ ಸದ್ದು ಎಲ್ಲರಿಗೂ ಕೇಳಿಸಿತು. ಎಂಥ ಶಪಥಗಳನ್ನು ಮುರಿದಾಗಲೂ ಬೆಚ್ಚದ ಹುಡುಗರು ಈಗ ಬೆಚ್ಚಿದರು. ಬ್ರೆನ್ನನ್‌ನ ಮುಖ ಕೆಂಪಾಯಿತು, ಆದರೂ ಅಧ್ಯಕ್ಷ ಅವನು, ಒಬ್ಬನನ್ನೇ ಬಿಡುವಂತಿಲ್ಲ. ಅವನೂ ಮುಳ್ಳುಚಮಚ ಎತ್ತಿದ. ಆಮೇಲೆ ಅವನ ಪಕ್ಕದವನು, ಅವನ ಪಕ್ಕದವನು. ಅರ್ಧ ಮೇಜು ಉಣ್ಣತೊಡಗಿತು, ತಲೆ ಬಗ್ಗಿಸಿಕೊಂಡು, ಕದ್ದು ತಿನ್ನುವವರ ಹಾಗೆ ಬೇಗ ಬೇಗ. ಇನ್ನರ್ಧ ಕೂತೇ ಇತ್ತು.

ಕೂತವರ ನಡುವಿನಿಂದ ಎಮೆಟ್ ಕೊಲಾರ್ ಎಂಬವನು ಎದ್ದ. ಮೂರನೆಯ ವರ್ಷದವನು, ಬಾಯಿ ಕಡಿಮೆ. ಯಾರ ಕಡೆಯೂ ನೋಡದೆ ಹೇಳಿದ.

"ಬಂದಿದ್ಲು. ಆವತ್ತು ಬಾಗಿಲಲ್ಲಿದ್ದವನು ನಾನು. ನಾನೇ ಒಳಗೆ ಬಿಟ್ಟೆ. ಮೆಟ್ಟಿಲು ಹತ್ತೋಕಾಗ್ತಿರಲಿಲ್ಲ ಅವಳಿಗೆ. ಕೋಲ್ಟನ್ ಎತ್ಕೊಂಡು ಹೋದ. ನಾವೆಲ್ಲ ಚಪ್ಪಾಳೆ ತಟ್ಟಿದ್ವಿ."

"ಮುಚ್ಕೊಂಡು ಕೂತ್ಕೊಳ್ಳೋ," ಅಂದ ಕೋಲ್ಟನ್, ಬಾಯಲ್ಲಿ ತುತ್ತಿಟ್ಟುಕೊಂಡೇ.

"ತಟ್ಟಿದ್ವಿ," ಅಂದ ಎಮೆಟ್ ಇನ್ನೊಂದು ಸಲ, ಕೂತ.

ಆರ್ಡಿತ್ ತನ್ನ ಮುಳ್ಳುಚಮಚ ಎತ್ತಿದಳು. ಹೇಳಿದ ಮಾತಿಗೆ ತಪ್ಪಬಾರದು ಅಂತ ತಣ್ಣಗಾದ ಆಲೂಗಡ್ಡೆಯನ್ನು ಒಂದು ತುತ್ತು ತಿಂದಳು. ಕೂತಿದ್ದವರಲ್ಲಿ ಕೆಲವರು ಆಗ ಶುರುಮಾಡಿದರು, ಕೆಲವರು ತಟ್ಟೆ ತಳ್ಳಿದರು. ಅವಳು ಎದ್ದಾಗ ಎಲ್ಲರೂ ಎದ್ದು ನಿಂತರು, ಕೋಲ್ಟನ್ ಕೂಡ. ಕಾಲಿಗೆ ಅಭ್ಯಾಸವಾಗಿತ್ತು. ಅವನು ತೋಳು ಚಾಚಲು ಹೋಗಿ ನಡುವೆ ನಿಲ್ಲಿಸಿದ. ಅವಳು ಒಬ್ಬಳೇ ಕೋಣೆಗೆ ಹೋದಳು.

ಮಾರನೆಯ ಬೆಳಗ್ಗೆ ಎಮೆಟ್ ಅವಳ ಬಾಗಿಲು ತಟ್ಟಿದ. "ನೀವು ಕಾಲೇಜು ಆಫೀಸಿಗೆ ಹೋಗ್ತೀರಾ?"

"ಹೂಂ."

"ನಿಮ್ಮ ಕಾರಲ್ಲಿ ಜಾಗ ಇದೆಯಾ?"

"ಹಿಂದಿನ ಸೀಟಲ್ಲಿ ಕೂತ್ಕೋ. ಮುಂದೆ ಚಪ್ಪಲಿ ಬುಟ್ಟಿ ಇದೆ."

 ಅವಳಿಗೆ ಅವನ ಮೇಲೆ ಪ್ರೀತಿಯೇನೂ ಉಕ್ಕಿರಲಿಲ್ಲ. ಚಪ್ಪಾಳೆಯ ಮಾತು ಅವಳಿಗೆ ಮರೆತಿರಲಿಲ್ಲ.

ಸಮಿತಿಯಲ್ಲಿ ಮೂವರಿದ್ದರು. ನಡುವಿನ ಹೆಂಗಸು ನಯವಾಗಿ ಕೇಳಿದಳು: ಆ ಬೆಳಗ್ಗೆ ಹುಡುಗಿಯನ್ನು ನೋಡಿದಿರಾ?

"ನೋಡ್ದೆ. ಹಸಿರು ಅಂಗಿ. ಒಂದು ಓಲೆ ಇರಲಿಲ್ಲ. ಈ ಚಪ್ಪಲಿ ಕೊಟ್ಟೆ." ನೀಲಿ ಜೋಡನ್ನು ಮೇಜಿನ ಮೇಲಿಟ್ಟಳು.

"ಅವಳು ನಿಮ್ಮ ಹತ್ರ ಏನಾದ್ರೂ ಹೇಳಿದಳಾ?"

"ಇದು ಯಾರ ಮನೆ ಅಂತ ಕೇಳಿದ್ಲು."

"ನೀವು ಏನು ಮಾಡಿದ್ರಿ?"

"ನಕ್ಕೆ," ಅಂದಳು ಆರ್ಡಿತ್.

ಆ ಹೆಂಗಸು ತಲೆಯೆತ್ತಿ ನೋಡಿದಳು. 

ಕೋಲ್ಟನ್‌ನನ್ನು ಕಾಲೇಜು ಹೊರಗೆ ಹಾಕಿತು. ಅವನಪ್ಪ ಇನ್ನೊಂದು ರಾಜ್ಯದಲ್ಲಿ ಇನ್ನೊಂದು ಕಾಲೇಜು ಹುಡುಕಿಕೊಟ್ಟ. ಪೊಲೀಸರು ವಿಚಾರಿಸಿ, ಸಾಕಾಗುವಷ್ಟು ಸಾಕ್ಷ್ಯ ಇಲ್ಲ ಅಂತ ಕೈಬಿಟ್ಟರು. ಕಲ್ಲುಮನೆಗೆ ಒಂದು ವರ್ಷ ಪಾರ್ಟಿ ಇಲ್ಲ ಅಂದರು. ಪಾರ್ಟಿಗಳು ಪಕ್ಕದ ಬೀದಿಯ ಬಾಡಿಗೆ ಮನೆಗೆ ಹೋದವು, ಅಲ್ಲಿ ಬುಟ್ಟಿಯೂ ಇಲ್ಲ. ಆರ್ಡಿತ್‌ಳ ಒಪ್ಪಂದವನ್ನು ಮಂಡಳಿ ಮುಂದುವರಿಸಲಿಲ್ಲ. ಕ್ರಿಸ್‌ಮಸ್‌ಗೆ ಮೊದಲು ಕೋಣೆ ಬಿಡಬೇಕಾಯಿತು. ಹುಡುಗರು ಸಾಲಾಗಿ ನಿಂತು ಅವಳ ಪೆಟ್ಟಿಗೆಗಳನ್ನು ಕಾರಿಗೆ ಸಾಗಿಸಿದರು, ಹೆಂಗಸರು ಭಾರ ಹೊರಬಾರದು ಅಂತ ಅವರಿಗೆ ಕಲಿಸಿದ್ದರಲ್ಲ. ವರ್ನನ್ ಡಬ್ಬಿಯಲ್ಲಿ ಹುರಿದ ಮಾಂಸ ಕಟ್ಟಿಕೊಟ್ಟ. "ಬಿಸಿ ಮಾಡ್ಕೊಂಡು ತಿನ್ನು ತಾಯೀ. ನಿಂಗೆ ತಣ್ಣಂದು ತಿನ್ನೋ ಚಟ," ಅಂದ.

ಈಗ ಅವಳು ರೈಲು ಹಳಿಯ ಹತ್ತಿರ ಗಾಲಿಗಳ ಮೇಲಿನ ಒಂದು ಟ್ರೈಲರ್ ಮನೆಯಲ್ಲಿದ್ದಾಳೆ. ವೃದ್ಧಾಶ್ರಮದಲ್ಲಿ ಮುದುಕಿಯರ ಕೂದಲು ಸುರುಳಿ ಸುತ್ತುತ್ತಾಳೆ. ಚಳಿಗಾಲದಲ್ಲಿ ಟ್ರೈಲರಿನ ನೀರಿನ ಕೊಳವೆ ಹೆಪ್ಪುಗಟ್ಟುತ್ತದೆ. ಹೊಸ ಕಿಟಕಿಯ ನೆನಪು ಆಗಾಗ ಬರುತ್ತದೆ, ಬಂದಾಗ ಬೈದುಕೊಳ್ಳುತ್ತಾಳೆ.

ಸಮಿತಿಯ ತೀರ್ಮಾನ ಬಂದ ಸಂಜೆ ಮರಿಸೆಲ್ ಫೋನ್ ಮಾಡಿದ್ದಳು. ಹಿಂದೆ ಸ್ಪ್ಯಾನಿಷ್‌ನಲ್ಲಿ ಟೀವಿ ಕೂಗುತ್ತಿತ್ತು. ಊರಿಗೆ ಹೋಗಿದ್ದಳು, ಅಪ್ಪ ಅಮ್ಮನ ಮನೆಯಿಂದ ಮಾತಾಡುತ್ತಿದ್ದಳು.

"ಬರೆದಿದಾರೆ," ಅಂದಳು. "ನಾನು ಆ ಮನೇಲಿದ್ದೆ ಅಂತ ಬರೆದಿದಾರೆ."

"ಒಳ್ಳೇದಾಯ್ತು ಮಗಾ," ಅಂದಳು ಆರ್ಡಿತ್. "ವಾಪಸ್ ಬರ್ತೀಯಾ ಕಾಲೇಜಿಗೆ?"

"ಗೊತ್ತಿಲ್ಲ. ನನ್ನ ರೂಮಿನವಳಿಗೆ ಫೋನಲ್ಲಿ ಆ ಕಾಗದ ಓದಿ ಹೇಳ್ದೆ. ಅವಳು ಅತ್ಲು. ನಾನು ಅಳಲಿಲ್ಲ. ನಂಗೆ ಹಸಿವಾಯ್ತು, ಉಂಡೆ," ಅಂದಳು.

ಅಲ್ಲಿ ಯಾರೋ ಅವಳ ಹೆಸರು ಹಿಡಿದು ಕೂಗಿದರು. ಬಂದೆ ಅಂತ ಫೋನಿಟ್ಟಳು.